ಒಳಗೆ ಬಿಟ್ಟ ಬಟ್ಟೆ

ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ನೆರೆಹೊರೆಯವರು ಆಕೆಗೆ ಟೇಪಮ್ಮ ಎಂದೇ ಹೆಸರಿಟ್ಟಿದ್ದರು. ಮಗಳ ಮದುವೆ ಮುಗಿಸಿ, ಹೊಲಿಗೆ ಅಂಗಡಿಯನ್ನು ತಂಗಿಗೆ ಒಪ್ಪಿಸಿ, ಪರದೇಶದ ಮಕ್ಕಳ ಆಸ್ಪತ್ರೆಯೊಂದಕ್ಕೆ ಸ್ವಯಂಸೇವಕಿಯಾಗಿ ಹೊರಟಳು. ಸಂಬಳವಿಲ್ಲ, ಇರಲು ಕೋಣೆ, ಎರಡು ಹೊತ್ತು ಊಟ.

"ಇಲ್ಲಿ ಆರಾಮಾಗಿ ಇರೋದು ಬಿಟ್ಟು ಅಲ್ಲಿ ಹೋಗಿ ಪುಕ್ಕಟೆ ದುಡೀತೀಯಲ್ಲ, ನಿನಗೇನು ಬಂದಿದೆ ಅಕ್ಕಾ?" ಎಂದು ತಂಗಿ ಕೂಗಾಡಿದಳು. ಬೇಡದ ಮಾತನ್ನು ಕಿವಿಗೆ ಹಾಕಿಕೊಳ್ಳುವ ಅಭ್ಯಾಸ ಟೇಪಮ್ಮನಿಗೆ ಹುಟ್ಟಿದಾಗಿನಿಂದ ಇರಲಿಲ್ಲ.

ಕೋಣೆಯ ಕೆಳಗೇ ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳು. ಬೆಳಗಾದರೆ ನೆಲವೆಲ್ಲ ಗಡಗಡ. ಬಿಸಿನೀರಿನ ನಲ್ಲಿ ಯಾವುದೆಂದು ಕೈ ಸುಟ್ಟುಕೊಂಡು ಕಲಿತಳು. ರಸ್ತೆಯ ಯಾವ ಬದಿಯಲ್ಲಿ ನಿಲ್ಲಬೇಕೆಂದು ತಿಳಿಯದೆ ತಪ್ಪು ಬಸ್ಸು ಹತ್ತಿ ಊರಾಚೆ ಹೋಗಿಬಂದಳು. ಅಲ್ಲಿನ ಭಾಷೆ ಅರ್ಧಂಬರ್ಧ ಬಾಯಿಗೆ ಬಂದದ್ದೇ ತಡ, ತರಕಾರಿಯವಳ ಜೊತೆ ಚೌಕಾಸಿ ಶುರುವಾಯಿತು. ಹೊಲಿಗೆ ಮಿಷನ್ನು ಮಾತ್ರ ಮೊದಲ ದಿನದಿಂದಲೇ ಹಳೆಯ ಪರಿಚಯದಂತೆ ನಡೆದುಕೊಂಡಿತು.

ಮೇಲಿನ ಮಹಡಿಯ ಮಕ್ಕಳಿಗೆ ಬಣ್ಣದ ಬಟ್ಟೆ ಹೊಲಿಯುವುದು ಆಕೆಯ ಕೆಲಸ. ಔಷಧದ ಕೊಳವೆಗೆ ಅಡ್ಡಿಯಾಗದಂತೆ ಬದಿಯಲ್ಲಿ ಗುಂಡಿಯಿರಬೇಕು ಎಂದರು, ಇಟ್ಟಳು. ಆದರೆ ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ನಾಲ್ಕು ಬೆರಳಷ್ಟು ಒಳಗೆ ಮಡಚಿ ಬಿಡದಿದ್ದರೆ ಆಕೆಯ ಕೈಗೆ ಸಮಾಧಾನವಿಲ್ಲ. ಯಾರೂ ಹೇಳದೆಯೇ ಎಲ್ಲಕ್ಕೂ ಬಿಟ್ಟಳು.

ಆ ಮಹಡಿಯಲ್ಲೊಬ್ಬಳು ಹುಡುಗಿ. ಬಾಯಿಗೆ ಬಿಡುವೇ ಇಲ್ಲ. ಟೇಪಮ್ಮ ಅವಳನ್ನು ಪಿಟೀಲು ಎಂದು ಕರೆಯುತ್ತಿದ್ದಳು. ಹಳದಿ ಫ್ರಾಕು ತೊಡಿಸಿದ ದಿನ ಪಿಟೀಲು ಅಂಚನ್ನು ಮಗುಚಿ ನೋಡಿದಳು.

"ಅಜ್ಜಿ, ಒಳಗ್ಯಾಕೆ ಇಷ್ಟೊಂದು ಬಟ್ಟೆ?"

"ನೀನು ಉದ್ದ ಆಗ್ತೀಯಲ್ಲ, ಆಗ ಬಿಚ್ಚಿದ್ರೆ ಸರಿಹೋಗುತ್ತೆ. ಬಟ್ಟೆ ದಂಡ ಆಗಬಾರದು ನೋಡು."

ಅಷ್ಟು ಸಾಕಾಯಿತು. ಬಂದವರಿಗೆಲ್ಲ ಅಂಚು ತೋರಿಸಿ, ಮುಂದಿನ ವರ್ಷ ತಾನು ಎಷ್ಟೆತ್ತರ ಆಗುವೆನೆಂದು ಹೇಳಿದ್ದೇ ಹೇಳಿದ್ದು.

ಅಂದು ಸಂಜೆ ಅವಳ ತಾಯಿ ಹೊಲಿಗೆ ಕೋಣೆಗೆ ಬಂದಳು. "ಒಳಗೆ ಬಿಟ್ಟಿರೋ ಬಟ್ಟೆ ಕತ್ತರಿಸಿಬಿಡಿ."

ಟೇಪಮ್ಮ ನಕ್ಕಳು. "ಇವತ್ತು ಕತ್ತರಿಸು ಅಂತೀರಾ, ನಾಳೆ ಗಿಡ್ಡ ಆಯ್ತು ಅಂತ ನೀವೇ ಬರ್ತೀರಾ. ನಿಮ್ಮಂಥ ಎಷ್ಟು ತಾಯಂದಿರನ್ನ ನೋಡಿಲ್ಲ ನಾನು!"

ತಾಯಿ ತಿರುಗಿ ಹೊರಟುಹೋದಳು. ಒಗೆದ ಬಟ್ಟೆಯ ಗಂಟು ಹಿಡಿದು ಬಾಗಿಲಲ್ಲಿದ್ದ ನರ್ಸು ಒಳಗೆ ಬಂದು ಬಾಗಿಲು ಮುಚ್ಚಿದಳು.

"ನಿಮಗೆ ಯಾರೂ ಹೇಳಿಲ್ವಾ ಅಮ್ಮಾ? ಇನ್ನು ವಾಸಿ ಆಗಲ್ಲ ಅಂತ ಗೊತ್ತಾದ ಮಕ್ಕಳನ್ನ ಮಾತ್ರ ಆ ಮಹಡಿಗೆ ಕಳಿಸೋದು."

ಟೇಪಮ್ಮನಿಗೆ ತನ್ನ ನಾಲಿಗೆಯನ್ನು ತಾನೇ ಕಿತ್ತುಹಾಕಬೇಕೆನಿಸಿತು. ಅದುವರೆಗೆ ಹೊಲಿದ ಒಂದೊಂದು ಬಟ್ಟೆಯೂ ಕಣ್ಣಮುಂದೆ ಬಂತು. ಆ ತಾಯಂದಿರು ಮಕ್ಕಳಿಗೆ ಬಟ್ಟೆ ತೊಡಿಸುವಾಗ ಆ ಮಡಿಕೆ ಕೈಗೆ ಸಿಕ್ಕಿರಲಾರದೇ? ಅಂದು ಆಕೆ ಊಟ ಮಾಡಲಿಲ್ಲ. ತಂಗಿಯ ಫೋನನ್ನೂ ಎತ್ತಲಿಲ್ಲ.

ಬೆಳಿಗ್ಗೆ ಕತ್ತರಿ ಹಿಡಿದು ಮೇಲೆ ಹೋದಳು. ಪಿಟೀಲು ಫ್ರಾಕನ್ನು ಎದೆಗೆ ಅವುಚಿಕೊಂಡಳು.

"ಕೊಡಲ್ಲ! ಕತ್ತರಿಸಿದ್ರೆ ದೊಡ್ಡವಳಾದಾಗ ಏನು ಹಾಕ್ಕೊಳ್ಳಲಿ ನಾನು?"

ತಾಯಿ ಗೋಡೆಯ ಕಡೆ ಮುಖ ತಿರುಗಿಸಿದ್ದಳು. ಈಚೆ ತಿರುಗದೆಯೇ, "ಇರ್ಲಿ ಬಿಡಿ," ಎಂದಳು. ಟೇಪಮ್ಮ ಕತ್ತರಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮೆಟ್ಟಿಲಿಳಿದಳು.

ಚಳಿ ಕಳೆಯುವ ಮೊದಲೇ ಪಿಟೀಲಿನ ಮಾತು ನಿಂತಿತು.

ಅಂದು ಮಧ್ಯಾಹ್ನ ತಾಯಿ ಒಗೆದು ಇಸ್ತ್ರಿ ಮಾಡಿದ ಫ್ರಾಕನ್ನು ತಂದು ಮಿಷನ್ನಿನ ಮೇಲಿಟ್ಟಳು. "ಇದನ್ನೇ ಹಾಕಿ ಕಳಿಸ್ತೀನಿ. ಒಳಗೆ ಬಿಟ್ಟಿದ್ರಲ್ಲ, ಅಷ್ಟನ್ನ ಕತ್ತರಿಸಿ ನನಗೆ ಕೊಡಿ. ಅವಳು ದೊಡ್ಡವಳಾಗೋ ಬಟ್ಟೆ ನನ್ನ ಹತ್ರ ಇರ್ಲಿ."

ಟೇಪಮ್ಮ ಹೊಲಿಗೆ ಬಿಚ್ಚಿದಳು. ಒಳಗಿನ ಬಟ್ಟೆ ಅಂಗಡಿಯಿಂದ ತಂದ ದಿನದಷ್ಟೇ ಹಳದಿಯಾಗಿತ್ತು. ಆಯುಷ್ಯವೆಲ್ಲ ಕತ್ತರಿ ಹಿಡಿದ ಕೈಗೆ ಅಂದು ಗೆರೆ ನೇರ ಸಿಗಲಿಲ್ಲ. ತಾಯಿ ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಟ್ಟಳು. ಇಬ್ಬರೂ ಅಳುತ್ತಲೇ ಕತ್ತರಿಸಿದರು.

ಆಮೇಲೆ ಟೇಪಮ್ಮ ಮಿಷನ್ನಿನ ಮುಂದೆ ಕೂತು ಫ್ರಾಕಿನ ಅಂಚನ್ನು ಮತ್ತೆ ಹೊಲಿದಳು. ಈ ಸಲ ಒಳಗೆ ಏನೂ ಬಿಡಲಿಲ್ಲ.