ಕಪ್ಪು ಚೌಕಟ್ಟಿಗೆ ಹಚ್ಚಿದ ಕುಂಕುಮ

“ನಮ್ಮ ಹುಡುಗಿ ಮೋರೆ ಎಂತಕೆ ಮುರುಗಲು ಹಣ್ಣಿನ ಹಾಗೆ ಕೆಂಪಾತು?”

ಹೊನ್ನಾವರದಿಂದ ಮದುಮಗಳ ತಾಯಿಯ ಫೋನು. ನಮ್ಮನೆಯವರು ಸ್ಪೀಕರ್ ಹಾಕಿದ್ದರಿಂದ ಅಡುಗೆಮನೆಯಲ್ಲಿದ್ದ ನನಗೂ ಕೇಳಿತು. ನಗು ಬಂತು. ಮುಂದಿನ ಮಾತಿಗೆ ನಗು ನಿಂತಿತು.

“ವಿಡಿಯೋ ನೋಡಿ ಗಂಡಿನ ಕಡೆ ನೆಂಟರು, ಹುಡುಗಿಗೆ ಚರ್ಮದ ಕಾಯಿಲೆ ಉಂಟಾ ಕೇಳಿದ್ರು. ಹೀಗ್ ಮಾಡಿದ್ರೆ ಹೆಂಗೆ ಅಣ್ಣ?”

ನಮ್ಮನೆಯವರು ಮದುವೆ ವಿಡಿಯೋ ಎಡಿಟಿಂಗ್ ಮಾಡುವವರು. ಕುಮಟೆಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವರ ಸ್ಟುಡಿಯೋ. ಭಟ್ಕಳದಿಂದ ಕುಮಟೆಯವರೆಗಿನ ಎಷ್ಟು ಮದುಮಕ್ಕಳು ನಮ್ಮ ಮನೆಯಲ್ಲಿ ನಕ್ಕಿದ್ದಾರೋ, ಅತ್ತಿದ್ದಾರೋ (ಪರದೆಯ ಮೇಲೆ). ಬಣ್ಣ ಹೊಂದಿಸುವುದರಲ್ಲಂತೂ ಅವರದು ಪಳಗಿದ ಕೈ ಎಂಬ ಹೆಸರಿತ್ತು. ಈ ವರ್ಷ ಇದು ಮೂರನೇ ದೂರು.

“ಲ್ಯಾಪ್‌ಟಾಪಿನ ಸ್ಕ್ರೀನ್ ಹಳೇದಾತು. ಬಣ್ಣ ಸಮಾ ತೋರ್ಸೂದಿಲ್ಲ,” ಎಂದರು. ಒಂದು ದೊಡ್ಡ ಮಾನಿಟರ್ ತಂದು ಲ್ಯಾಪ್‌ಟಾಪಿಗೆ ಜೋಡಿಸುವುದೆಂದು ತೀರ್ಮಾನವಾಯಿತು. ಲ್ಯಾಪ್‌ಟಾಪಿನಲ್ಲಿ ಕತ್ತರಿಸುವ ಕೆಲಸ, ದೊಡ್ಡದರಲ್ಲಿ ಬಣ್ಣ ನೋಡುವ ಕೆಲಸ.

ಶುಕ್ರವಾರ ಬೆಳಿಗ್ಗೆ ಮಾನಿಟರ್ ಬಂತು. ನಮ್ಮ ಮನೆಯಲ್ಲಿ ಅರಿಶಿನ ಕುಂಕುಮ ಕಾಣದ ಯಾವ ಯಂತ್ರಕ್ಕೂ ಕರೆಂಟ್ ಇಲ್ಲ. ಮಿಕ್ಸಿಗೂ ಆಗಿದೆ, ಫ್ರಿಜ್ಜಿಗೂ ಆಗಿದೆ. (ಮೊಬೈಲ್ ಚಾರ್ಜರಿಗೂ ಆಗಿದೆ. ನಗುವವರು ನಗಲಿ.) ಪರದೆಗೆ ತಾಗದಂತೆ ಕಪ್ಪು ಚೌಕಟ್ಟಿನ ಮೂಲೆಯಲ್ಲಿ ಅರಿಶಿನ ಹಚ್ಚಿದೆ, ಪಕ್ಕದಲ್ಲೇ ಕುಂಕುಮ ಹಚ್ಚಿದೆ. ಊದುಬತ್ತಿ ತೋರಿಸಿದೆ. ಇವರು ಕೇಬಲ್ ಹಿಡಿದು ಕಾಯುತ್ತಿದ್ದರು.

“ಆತನೆ? ಕೇಬಲ್ ಚುಚ್ಚೂಕೆ ನಿನ್ನ ದೇವ್ರು ಬರೂದಿಲ್ಲ.”

“ಮೊದ್ಲು ಚುಚ್ಚಿ. ಚಿತ್ರ ಬರ್ದಿದ್ರೆ ಕರೀತೆ.”

ಚುಚ್ಚಿದರು. ‘ನೋ ಸಿಗ್ನಲ್’ ಎಂದು ಬಂತು. ಕಿತ್ತು ಮತ್ತೆ ಚುಚ್ಚಿದರು. ಮತ್ತೆ ಅದೇ. ಕೆಳಗಿನ ಗುಂಡಿಯ ಹತ್ತಿರ ಸಣ್ಣ ಅಕ್ಷರದಲ್ಲಿ ಏನೋ ಇತ್ತು, ಅದು ಅವರಿಗೆ ಕಾಣಲಿಲ್ಲ. ನಾನು ಬಗ್ಗಿ ಓದಿ ಎರಡು ಸಲ ಒತ್ತಿದೆ. ಹೊನ್ನಾವರದ ಮದುಮಗಳು ದೊಡ್ಡದಾಗಿ ಕಾಣಿಸಿಕೊಂಡಳು.

“ನೋಡು, ಇದು ಬಣ್ಣ ಅಂದ್ರೆ,” ಎನ್ನುತ್ತಾ ಇವರು ಕೆಂಪನ್ನು ಇನ್ನೂ ಸ್ವಲ್ಪ ಏರಿಸಿದರು.

ನನಗೆ ಕಂಡದ್ದು ಮುರುಗಲು ಹಣ್ಣೇ. ಹಳೆಯ ಪರದೆಯಲ್ಲೂ ಅದೇ, ಹೊಸದರಲ್ಲೂ ಅದೇ. ಅವರ ಕೆಲಸದಲ್ಲಿ ಬಾಯಿ ಹಾಕುವುದು ಬೇಡವೆಂದು ಸುಮ್ಮನಿದ್ದೆ. ಆಗ ಅವರು ಚೌಕಟ್ಟಿನ ಮೂಲೆ ನೋಡಿ ಅಂದರು, “ಅರಿಶಿನ ಅಷ್ಟೇ ಹಚ್ಚಿದ್ಯಲ್ಲೆ. ಕುಂಕುಮ ಮರ್ತೋಯ್ತನೆ?”

ಕುಂಕುಮ ಅಲ್ಲೇ ಇತ್ತು. ಅರಿಶಿನದಷ್ಟೇ ದೊಡ್ಡದಾಗಿ, ಅದರ ಪಕ್ಕದಲ್ಲೇ.

ಅವರ ಬೆರಳು ಹಿಡಿದು ಅದರ ಮೇಲೆ ಇಟ್ಟೆ. ಅವರು ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದರು, ಉಜ್ಜಿ ನೋಡಿದರು. ಆಮೇಲೆ ಮಾನಿಟರ್ ಆಫ್ ಮಾಡಿ ಹೊರಗೆ ಹೋಗಿ ಜಗುಲಿಯಲ್ಲಿ ಕೂತರು.

ನನಗೆ ನೆನಪಾದದ್ದು ಬಂಗಡೆ. ಎರಡು ತಿಂಗಳ ಹಿಂದೆ ಇವರು ಪೇಟೆಯಿಂದ ಹಾಳಾದ ಮೀನು ತಂದಿದ್ದರು. “ಕಿವಿರು ಎತ್ತಿ ನೋಡೂಕೂ ಬರೂದಿಲ್ವಾ? ಕೆಂಪಿದ್ರೆ ತಾಜಾ ಅಂತ ಸಣ್ಣ ಮಕ್ಕಳಿಗೂ ಗೊತ್ತು,” ಎಂದು ಇಡೀ ಓಣಿಗೆ ಕೇಳುವ ಹಾಗೆ ಬೈದಿದ್ದೆ. “ನೋಡೇ ತಂದದ್ದು ಮಾರಾಯ್ತಿ,” ಎಂದಿದ್ದರು. ಹೌದು, ನೋಡಿಯೇ ತಂದಿದ್ದರು. ಕಾಣದ ಮನುಷ್ಯನಿಗೆ ಕಾಣುತ್ತಿಲ್ಲ ಎಂದು ತಿಳಿಯುವುದಾದರೂ ಹೇಗೆ? ನೋಡುವ ನನಗೇ ತಿಳಿಯಲಿಲ್ಲವಲ್ಲ.

ಕಣ್ಣಿನ ಡಾಕ್ಟರು ಬಣ್ಣದ ಚುಕ್ಕಿಗಳ ಪುಸ್ತಕ ತೋರಿಸಿ ಕೇಳಿದರು, ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಕನ್ನಡಕದ ವಿಷಯ ಅಲ್ಲ, ಪೊರೆಯೂ ಅಲ್ಲ, ಕಣ್ಣಿನ ಹಿಂದಿನ ನರ ಸೊರಗಿದೆ ಎಂದರು. ಹೋದದ್ದು ವಾಪಸ್ ಬರುವುದು ಕಷ್ಟ, ಉಳಿದದ್ದನ್ನು ಕಾಪಾಡಿಕೊಳ್ಳೋಣ ಎಂದರು. ತಪಾಸಣೆಗೆ ತಪ್ಪದೆ ಬರಲು ಹೇಳಿದರು.

ಈಗ ಹೊಸ ಮಾನಿಟರಿನ ಮುಂದೆ ನಾನು ಕೂರುತ್ತೇನೆ. ಇವರು ಪಕ್ಕದಲ್ಲಿ ಲ್ಯಾಪ್‌ಟಾಪಿನಲ್ಲಿ ಕತ್ತರಿಸುತ್ತಾರೆ. “ಕೆಂಪು ಎಷ್ಟದೆ?” ಎನ್ನುತ್ತಾರೆ. “ಚೂರು ಇಳಿಸಿ,” ಎನ್ನುತ್ತೇನೆ. “ಸಾಕನೆ?” “ಇನ್ನೂ ಚೂರು.” ಹೊನ್ನಾವರದ ಹುಡುಗಿಯ ಮುಖವನ್ನು ಹಾಗೆಯೇ ತಿಳಿ ಮಾಡಿ ಕಳಿಸಿದೆವು. ತಾಯಿಗೆ ಸಮಾಧಾನವಾಯಿತು. ಹೊಸ ಮಾನಿಟರಿನ ಮಹಿಮೆ ಎಂದುಕೊಂಡರು.

ಇದನ್ನು ಬರೆಯಲೇ ಎಂದು ಇವರನ್ನೇ ಕೇಳಿದೆ. ಓದಿದ ಗಿರಾಕಿಗಳು ಬೇರೆ ಕಡೆ ಹೋದಾರು ಎಂಬ ಹೆದರಿಕೆ ನನಗೆ. “ಬರಿ. ಎಷ್ಟು ದಿನ ಅಂತ ಮುಚ್ಚಿಡೂದು?” ಎಂದರು.

ದೇವರು ಕೆಂಪೊಂದನ್ನು ತೆಗೆದುಕೊಂಡ, ಆದರೂ ಇವರಿಗೆ ದಾರಿ ಕಾಣುತ್ತದೆ, ನನ್ನ ಮುಖ ಕಾಣುತ್ತದೆ. ಅಷ್ಟಾದರೂ ಉಳಿಸಿದನಲ್ಲ ಎಂದು ದಿನಾ ಸಂಜೆ ದೀಪ ಹಚ್ಚಿ ಕೈಮುಗಿಯುತ್ತಿದ್ದೆ.

ನಿನ್ನೆ ಮಧ್ಯಾಹ್ನ ಭಟ್ಕಳದ ಒಂದು ಮದುವೆ ನೋಡುತ್ತಿದ್ದೆವು. ಇವರು ಪರದೆಯ ತೀರಾ ಹತ್ತಿರ ಬಗ್ಗಿ, ಮೆತ್ತಗೆ ಕೇಳಿದರು, “ಇದು ಹಸಿರು ಸೀರೆಯಾ, ನೀಲಿಯಾ?”

ಹಸಿರು ಎಂದೆ. ಸಂಜೆ ದೀಪದ ಮುಂದೆ ಕೂತಾಗ, ಇನ್ನು ಯಾವುದನ್ನು ಉಳಿಸಿದ್ದಕ್ಕೆ ಕೈಮುಗಿಯಲಿ ಎಂದು ತಿಳಿಯಲಿಲ್ಲ.