ಮುಯ್ಯಾಳಿಗೂ ಒಂದು ನಂಬರು

ಬೆಳಗಿನ ಆರು ಗಂಟೆ. ಚನ್ನಪಟ್ಟಣದ ಆಟಿಕೆ ಶೆಡ್ಡಿನ ಮುಂದೆ ಸ್ಕೂಟರ್ ನಿಲ್ಲಿಸಿದ ದ್ರಾಕ್ಷಾಯಿಣಿ, ಹೆಲ್ಮೆಟ್ ತೆಗೆಯುವ ಮೊದಲೇ ಹಾಜರಿ ಪುಸ್ತಕ ತೆಗೆಯುತ್ತಾರೆ. ಒಳಗೆ ಲೇತ್‌ಗಳು ಇನ್ನೂ ತಿರುಗಿಲ್ಲ. ಬಂದ ಒಬ್ಬೊಬ್ಬರ ಮುಖವನ್ನೂ ನೋಡಿ ಅದೇ ಪ್ರಶ್ನೆ: "ನೀನೇ ಏನವ್ವ? ನಿನ್ ಬದ್ಲಿ ಬೇರೆ ಯಾರೂ ಅಲ್ವಲ್ಲ?"

"ನಾನೇ ಕಣಕ್ಕ, ಬೇಕಾರೆ ಚಿವುಟಿ ನೋಡು!"

ಶೆಡ್ಡಿಗೆ ಶೆಡ್ಡೇ ನಗುತ್ತದೆ. ದ್ರಾಕ್ಷಾಯಿಣಿಯೂ ನಗುತ್ತಾರೆ, ಆದರೆ ಮುಖ ನೋಡದೆ ಟಿಕ್ ಹಾಕುವುದಿಲ್ಲ. ಹೆಸರಲ್ಲಿ ದ್ರಾಕ್ಷಿ ಇದ್ದರೇನು, ನಿಯಮದ ಮಾತು ಬಂದರೆ ಹಿಂಡಿದರೂ ಬಗ್ಗುವವರಲ್ಲ.

ಇಲ್ಲಿ ತಯಾರಾಗುವ ಮರದ ಗಿಲಕಿಗಳನ್ನು ಅಲ್ಲಾಡಿಸುವುದು ಡೆನ್ಮಾರ್ಕಿನ ಮಕ್ಕಳು. ಅಲ್ಲಿನ ಪುಟ್ಟ ಕಂಪನಿಗೆ ಇಲ್ಲೊಂದು ಕಚೇರಿಯಿಲ್ಲ. ಹಾಗಾಗಿ ಕೆಲಸ ಕೊಡುವವರು ಡೆನ್ಮಾರ್ಕಿನಲ್ಲಿ, ಕೆಲಸ ಮಾಡುವವರು ಚನ್ನಪಟ್ಟಣದಲ್ಲಿ, ನೇಮಕಾತಿ, ಸಂಬಳದ ಕಾಗದದ ಮೇಲಿನ ಧಣಿ ಮಾತ್ರ ದ್ರಾಕ್ಷಾಯಿಣಿ. ಹೀಗೆ ಇವರ ಕೈಯಲ್ಲಿರುವುದು ಮೂರು ದೇಶಗಳ ಮೂರು ಕಂಪನಿ, ಚನ್ನಪಟ್ಟಣದಿಂದ ಕೈಲಾಂಚದವರೆಗೆ ಮೂವತ್ತೆಂಟು ಜನ. ಏಳನೇ ತಾರೀಖಿನೊಳಗೆ ಸಂಬಳ, ಹದಿನೈದರೊಳಗೆ ಪಿ.ಎಫ್., ಇ.ಎಸ್.ಐ. ವಿಮೆಯ ಕಂತು. ಐದು ವರ್ಷದಲ್ಲಿ ಒಂದು ತಾರೀಖೂ ತಪ್ಪಿಲ್ಲ. ಇಷ್ಟೆಲ್ಲ ನಡೆಯುವುದು ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ, ಒಬ್ಬರೇ ಕೂತು!

ಸೋಲೂರಿನಲ್ಲಿ ಹುಟ್ಟಿ ಬಿ.ಕಾಂ. ಓದಿದ ಇವರು ಮೊದಲು ರೇಷ್ಮೆ ನೂಲು ತೆಗೆಯುವ ಘಟಕವೊಂದರಲ್ಲಿ ಕೂಲಿ ಪುಸ್ತಕ ಬರೆಯುತ್ತಿದ್ದರು. ಒಂದು ದಿನ ಗೂಡು ಬೇಯಿಸುವ ಕುದಿನೀರಿಗೆ ಹೆಂಗಸೊಬ್ಬರ ಕೈ ಬಿತ್ತು. "ಇ.ಎಸ್.ಐ. ಆಸ್ಪತ್ರೆಗೆ ಕರ್ಕೊಂಡ್ ಓಡ್ದೆ. ನಂಬರ್ ಏನು ಅಂದ್ರು. ನಂಬರೇ ಇರ್ಲಿಲ್ಲ. ಹದಿನಾಲ್ಕು ವರ್ಷ ದುಡ್ದಿದ್ಲು ಆಯಮ್ಮ, ಯಾವ ಕಾಗ್ದದಲ್ಲೂ ಇರ್ಲಿಲ್ಲ." ಆ ಕೈಯನ್ನು ದ್ರಾಕ್ಷಾಯಿಣಿ ಇವತ್ತಿಗೂ ಮರೆತಿಲ್ಲ.

ಬೆಳಗಿನ ಪ್ರಶ್ನೆ ಶುರುವಾದದ್ದು ಕಳೆದ ವರ್ಷ. ಗಿಲಕಿಗೆ ಬಣ್ಣದ ಅರಗು ಹಚ್ಚುತ್ತಿದ್ದ ರಾಧಾಮಣಿ ಬಸುರಿಯಾದರು. ಬಿಸಿ ಅರಗಿನ ವಾಸನೆ ತಡೆಯಲಾಗದೆ ಮನೆಯಲ್ಲೇ ಉಳಿದರು. ಬದಲಿಗೆ ವಾರಗಿತ್ತಿ ಅಂಕಮ್ಮನನ್ನು ಕಳಿಸಿದರು. ರಾಗಿ ಹೊಲದ ಕಳೆಗೆ ಒಬ್ಬರ ಬದಲು ಒಬ್ಬರು ಹೋಗಿ ತೀರಿಸಿಕೊಳ್ಳುವ ಮುಯ್ಯಾಳು ಪದ್ಧತಿ ಇವರಿಗೆ ಉಸಿರಾಡಿದಷ್ಟು ಸಹಜ. ಗಿಲಕಿ ಲೆಕ್ಕಕ್ಕೆ ಸರಿಯಾಗಿ ಬರುತ್ತಿದ್ದರಿಂದ ಮೇಲ್ವಿಚಾರಕ ಮಹೇಂದ್ರ ಹನ್ನೊಂದು ದಿನ ರಾಧಾಮಣಿ ಹೆಸರಿಗೇ ಹಾಜರಿ ಹಾಕಿದರು.

ಹನ್ನೊಂದನೇ ದಿನ ವಿಡಿಯೋ ಕರೆಯಲ್ಲಿ ಡೆನ್ಮಾರ್ಕಿನ ಮ್ಯಾನೇಜರ್ ಹೊಸ ಮುಖ ಕಂಡು ಯಾರೆಂದು ಕೇಳಿದರು. ಅಂಕಮ್ಮ ಕ್ಯಾಮೆರಾಗೇ ಕೈಮುಗಿದು, "ರಾಧಾಮಣಿ ಮುಯ್ಯಿಗೆ ಬಂದಿವ್ನಿ ಸೋಮಿ" ಎಂದರು. ಮುಂದಿನದನ್ನು ದ್ರಾಕ್ಷಾಯಿಣಿ ಮೂಗಿನ ತುದಿಗೆ ಕನ್ನಡಕ ಇಳಿಸಿ ಅಣಕಿಸಿ ತೋರಿಸುತ್ತಾರೆ: "ಡ್ರಾ...ಕ್ಷಾ! ಹೆಸರು ಒಂದು. ಮುಖ ಎರಡು. ಹೇಗೆ?"

ಎರಡೇ ದಿನಕ್ಕೆ ಅಲ್ಲಿನ ವಕೀಲರ ಪತ್ರ ಬಂತು. ತನ್ನ ಬದಲು ಇನ್ನೊಬ್ಬರನ್ನು ಕಳಿಸಬಲ್ಲವರು ನೌಕರರಲ್ಲ, ಗುತ್ತಿಗೆದಾರರು; ರಾಧಾಮಣಿಯನ್ನು ಪಟ್ಟಿಯಿಂದ ತೆಗೆಯಿರಿ. ತೆಗೆದರೆ ಇ.ಎಸ್.ಐ. ಇಲ್ಲ. ಇ.ಎಸ್.ಐ. ಇಲ್ಲದಿದ್ದರೆ ಇಪ್ಪತ್ತಾರು ವಾರದ ಹೆರಿಗೆ ಭತ್ಯೆಯೂ ಇಲ್ಲ.

"ಅಂಕಮ್ಮ ಒಂದೇ ದಿನ ಬಂದಿದ್ಲು ಅಂತ ಬರ್ದುಬುಡಿ ಮೇಡಂ. ಅಲ್ಲಿಂದ ಯಾರು ಬಂದು ಎಣಿಸ್ತಾರೆ?" ಎಂದರು ಮಹೇಂದ್ರ.

"ಎಣ್ಸಕ್ಕೆ ನಾನಿಲ್ವೇನಪ್ಪ?"

ಮೂರು ಪುಟದ ಉತ್ತರ ಬರೆದರು. ಕಳೆ ಕೀಳುವ ಹೊಲದಿಂದಲೇ ಶುರುಮಾಡಿ ಮುಯ್ಯಿ ಎಂದರೇನು ಎಂದು ಆ ವಕೀಲರಿಗೆ ವಿವರಿಸಿದರು. ಕೆಲಸ ನಡೆಯುವುದು ಚನ್ನಪಟ್ಟಣದಲ್ಲಿ, ನಡೆಯಬೇಕಾದ್ದು ಇಲ್ಲಿನ ಕಾನೂನು ಎಂದರು. ಬದಲಿ ಕಳಿಸಬಾರದೆಂದು ಕೆಲಸದವರಿಗೆ ಕನ್ನಡದಲ್ಲಿ ಹೇಳದಿದ್ದದ್ದು ತನ್ನದೇ ತಪ್ಪು ಎಂದೂ ಬರೆದರು. ಹನ್ನೊಂದು ದಿನವನ್ನು ರಾಧಾಮಣಿ ಹೆಸರಿಂದ ಹೊಡೆದುಹಾಕಿ, ಅದೇ ಹನ್ನೊಂದು ದಿನಕ್ಕೆ ಅಂಕಮ್ಮನನ್ನು ನೌಕರರ ಪಟ್ಟಿಗೆ ಸೇರಿಸಿ, ಸಂಬಳ, ಪಿ.ಎಫ್., ಇ.ಎಸ್.ಐ. ನಂಬರ್ ಎಲ್ಲ ಪ್ರತ್ಯೇಕವಾಗಿ ಕೇಳಿದರು.

ಹೆರಿಗೆ ಭತ್ಯೆಗೆ ನಿಗದಿತ ಅವಧಿಯಲ್ಲಿ ಎಪ್ಪತ್ತು ದಿನದ ಇ.ಎಸ್.ಐ. ವಂತಿಗೆ ಬೇಕು. ಹೊಸದಾಗಿ ಸೇರಿದ್ದ ರಾಧಾಮಣಿಯದು ಎಂಬತ್ನಾಲ್ಕು. ಹನ್ನೊಂದು ಹೋದರೆ ಎಪ್ಪತ್ಮೂರು.

"ಮೂರೇ ದಿನದ ಅಂತರ. ಮೂರು ಸಲ ಎಣಿಸ್ದೆ" ಎನ್ನುತ್ತಾರೆ. ಅರವತ್ತೊಂಬತ್ತು ಬಂದಿದ್ದರೆ? "ಅರವತ್ತೊಂಬತ್ತೇ ಬರೀತಿದ್ದೆ. ಆಮೇಲೆ ಅವ್ಳ ಮುಂದೆ ಹೆಂಗ್ ನಿಲ್ತಿದ್ನೋ ಗೊತ್ತಿಲ್ಲ."

ಉತ್ತರ ಕಳಿಸಿದ ಒಂಬತ್ತನೇ ದಿನ ಕಂಪನಿ ಒಪ್ಪಿತು. ಭತ್ಯೆ ಮಂಜೂರಾಯಿತು. ಅಂಕಮ್ಮನ ಕೆಲಸವೂ ಕಾಯಂ.

ಸ್ವಂತಕ್ಕೆ ಏನು ಬೇಕು ಎಂದರೆ ದ್ರಾಕ್ಷಾಯಿಣಿ ದೊಡ್ಡದೇನೂ ಕೇಳುವುದಿಲ್ಲ. "ಹೊರದೇಶದಿಂದ ಬರೋ ನೇಮಕಾತಿ ಪತ್ರ ಕನ್ನಡದಲ್ಲಿ ಬರ್ಲಿ. ಹೆಬ್ಬೆಟ್ಟು ಒತ್ತೋಕ್ ಮುಂಚೆ ಒಸಿ ಓದಿ ಹೇಳ್ಲಿ. ಸಾಕು."

ಅಷ್ಟರಲ್ಲಿ ಬಾಗಿಲಲ್ಲಿ ರಾಧಾಮಣಿ. ರಜೆ ಇನ್ನೂ ಮುಗಿದಿಲ್ಲ, ಕೂಸು ತೋರಿಸಲು ಬಂದಿದ್ದಾರೆ. ದ್ರಾಕ್ಷಾಯಿಣಿ ಪುಸ್ತಕ ಮುಚ್ಚಿ, ಕೂಸಿನ ಮುಖವನ್ನೂ ಅಷ್ಟೇ ಗಂಭೀರವಾಗಿ ನೋಡುತ್ತಾರೆ.

"ಇವ್ಳು ಯಾರ ಬದ್ಲಿ ಬಂದವ್ಳವ್ವ?"

"ಯಾರ ಬದ್ಲೂ ಅಲ್ಲ ಕಣಕ್ಕ," ರಾಧಾಮಣಿ ಕೂಸನ್ನು ಅವರ ಕೈಗಿಡುತ್ತಾರೆ, "ಇದು ಅವ್ಳದ್ದೇ ಹಾಜರಿ."