ಸಂಶೋಧಕರ ಸಹಿಯೂ ನನ್ನ ಲ್ಯಾಮಿನೇಶನ್ನೂ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಆ ಪತ್ರವನ್ನು ಲ್ಯಾಮಿನೇಟ್ ಮಾಡಿಸಿದ್ದು ನಾನೇ. ಯಾರೂ ಹೇಳಿಕೊಟ್ಟದ್ದಲ್ಲ, ಪೂರಾ ನನ್ನದೇ ಬುದ್ಧಿ.

ನನ್ನ ಗಂಡನಿಗೆ ಒಂದು ಹುಚ್ಚು, ಹೆಸರಾಂತ ಸಂಶೋಧಕರು ಸಹಿ ಹಾಕಿದ ಪತ್ರಗಳನ್ನು ಕೂಡಿಡುವುದು. ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಪಂಪು ಕಾರ್ಖಾನೆಯಲ್ಲಿ ಡ್ರಾಯಿಂಗ್ ಮಾಡುತ್ತಿದ್ದ ಮನುಷ್ಯ. ಉಳಿದವರು ಬೋನಸ್ಸಿನಲ್ಲಿ ಟಿವಿ ತಂದರೆ ಇವರು ಯಾರೋ ಸತ್ತ ವಿದೇಶಿಯ ಕಾಗದ ತರುತ್ತಿದ್ದರು. ಹಾಗೆ ಹನ್ನೆರಡು ಆಗಿವೆ. ಸಂಶೋಧಕ ಅಂದಮೇಲೆ ಕಾಗದದಲ್ಲಿ ಏನೋ ಘನವಾದದ್ದು ಇರಬೇಕೆಂದು ನಾನೂ ಮೊದಮೊದಲು ನಂಬಿದ್ದೆ. ಓದಿಸಿ ಕೇಳಿದರೆ ಒಬ್ಬನಿಗೆ ಹಲ್ಲುನೋವು, ಇನ್ನೊಬ್ಬ ಸೋರುವ ಮಾಡಿನ ಬಗ್ಗೆ ಮನೆ ಮಾಲೀಕನಿಗೆ ದೂರು ಬರೆದಿದ್ದಾನೆ. ಎಲ್ಲರಿಗಿಂತ ದೊಡ್ಡವನು, ಅವನ ಯಂತ್ರ ಇಲ್ಲದಿದ್ದರೆ ಅರ್ಧ ಜಗತ್ತೇ ನಿಲ್ಲುತ್ತಿತ್ತಂತೆ, ದರ್ಜಿಗೆ ಬರೆದಿದ್ದಾನೆ: ಕೋಟಿನ ತೋಳು ಗಿಡ್ಡವಾಗಿದೆ, ವಾಪಸು ಕಳಿಸಿದ್ದೇನೆ. ಜಗತ್ತು ಓಡಿಸಿದವನದೂ ದರ್ಜಿಯ ಹತ್ತಿರ ಏನೂ ನಡೆಯಲಿಲ್ಲ ನೋಡಿ.

ನಮ್ಮದು ಒಂದು ರೂಮು, ಒಂದು ಕಿಚನ್. ಇರುವ ಒಂದೇ ಸ್ಟೀಲ್ ಕಪಾಟಿನಲ್ಲಿ ಮೇಲಿನ ಎರಡು ಅರೆ ಆ ಮಹಾನುಭಾವರದು. ನನ್ನ ಸೀರೆಗಳು ಮಂಚದಡಿ. ಮಳೆಗಾಲ ಬಂತೆಂದರೆ ಫೈಲನ್ನು ಬಿಸಿಲಿಗಿಡು, ಬಿಸಿಲಿಲ್ಲದಿದ್ದರೆ ಫ್ಯಾನಿನಡಿ ಇಡು, ನುಸಿಗುಳಿಗೆ ಬದಲಿಸು, ಆದರೆ ಕಾಗದ ಮಾತ್ರ ಮುಟ್ಟಬೇಡ. ಮೂವತ್ತು ವರ್ಷ ಇದನ್ನೇ ಮಾಡಿ ನನಗೆ ಸಾಕೋ ಸಾಕಾಗಿದೆ. ಮಾರಿ, ಮಾರಿ ಅಂತ ಮೂವತ್ತು ವರ್ಷವೂ ಹೇಳಿದ್ದೇನೆ. ಈ ಸಲ ಸ್ಟೂಲಿನಿಂದ ಇಳಿಯುವಾಗ ನಾನು ಮಂಡಿ ಹಿಡಿದುಕೊಂಡದ್ದು ನೋಡಿ, "ಆಯ್ತು ಮಾರಾಯ್ತಿ, ಕೊಟ್ಟುಬಿಡುವ" ಅಂದರು. ಠಾಣೆ ಊರಿನ ವರ್ತಕ ನಗರ ಬಡಾವಣೆಯ ಸಂಗ್ರಾಹಕರೊಬ್ಬರು ಭಾನುವಾರ ಬಂದು ಮೊದಲು ಆ ಕೋಟಿನ ಪತ್ರ ಒಯ್ಯುವುದೆಂದಾಯಿತು. ಅಂದಿನಿಂದ ಇವರ ಊಟ ಅರ್ಧಕ್ಕಿಳಿಯಿತು. ಕೇಳಿದರೆ "ಗ್ಯಾಸು" ಅನ್ನುತ್ತಿದ್ದರು.

ಶನಿವಾರ ಇವರು ಪಕ್ಕದ ಊರು ಕಲ್ಯಾಣಕ್ಕೆ ಹೋಗಿದ್ದಾಗ ನನಗನಿಸಿತು, ಇಷ್ಟು ವರ್ಷ ಸಾಕಿದ ಆ ಕೋಟಿನ ಕಾಗದವನ್ನು ಮೂಲೆ ಹರಿದ ಹಾಗೇ ಕಳಿಸುವುದು ಹೇಗೆ? ಯಾವ ಕಾಗದದ ಮೇಲೆ ಪ್ರೀತಿ ಜಾಸ್ತಿಯೋ ಅದನ್ನು ನಾವು ಲ್ಯಾಮಿನೇಟ್ ಮಾಡಿಸುವವರು: ರೇಶನ್ ಕಾರ್ಡು, ಮಗಳ ಮಾರ್ಕ್ಸ್ ಶೀಟು, ಮಾವನವರ ಮರಣಪತ್ರ ಸಹ. ಸ್ಟೇಶನ್ ರಸ್ತೆಯ ಝೆರಾಕ್ಸ್ ಅಂಗಡಿಯವನು ಕಲಬುರಗಿ ಕಡೆಯವ. ಬಿಸಿಬಿಸಿ ಪತ್ರವನ್ನು ಯಂತ್ರದಿಂದ ತೆಗೆದು ಕೊಟ್ಟು, "ಇನ್ನ ನೂರು ವರ್ಷ ಏನೂ ಆಗಂಗಿಲ್ಲ ನೋಡ್ರಿ ಅಕ್ಕಾರ" ಅಂದ. ನನಗೋ ಹೆಮ್ಮೆಯೇ ಹೆಮ್ಮೆ! ಇವರಿಗೂ ಆಶ್ಚರ್ಯವಾಗಲಿ ಅಂತ ಹೇಳದೆ ಫೈಲಿನಲ್ಲಿಟ್ಟೆ.

ಭಾನುವಾರ ಸಂಗ್ರಾಹಕರು ಫೈಲು ಬಿಡಿಸಿದ್ದೇ, "ಅರೇ ದೇವಾ!" ಅಂತ ತಲೆಗೆ ಕೈ ಹೊತ್ತರು. ಪ್ಲಾಸ್ಟಿಕ್ಕು ಇನ್ನು ಬಿಡುವುದಿಲ್ಲವಂತೆ, ಶಾಯಿ ಕೆಟ್ಟಿತಂತೆ, ಇದನ್ನು ಯಾರೂ ಮೂಸಿಯೂ ನೋಡುವುದಿಲ್ಲವಂತೆ. ಉಳಿದ ಹನ್ನೊಂದಕ್ಕೆ ಮುಂದಿನ ವಾರ ಬರುತ್ತೇನೆ, ದಯವಿಟ್ಟು ಕೈ ಹಚ್ಚಬೇಡಿ ಎಂದು ನನಗೇ ಕೈಮುಗಿದು ಹೊರಟರು. ಭೂಮಿ ಬಾಯಿ ಬಿಡಬಾರದೇ ಅನಿಸಿ ನನಗೆ ಅಳುವೇ ಬಂತು.

ಇವರು ಬೈಯಲಿಲ್ಲ. ಪತ್ರವನ್ನು ಬೆಳಕಿಗೆ ಹಿಡಿದು, "ಹಾಗಾದ್ರೆ ಇದನ್ನು ಇನ್ನು ಯಾರೂ ಕೊಂಡುಹೋಗುವುದಿಲ್ಲ, ಅಲ್ವಾ?" ಅಂದರು. ಆ ಸ್ವರದಲ್ಲಿ ದುಃಖ ಹುಡುಕಿದೆ, ಸಿಗಲಿಲ್ಲ. ಮಧ್ಯಾಹ್ನ ಎರಡು ಸಲ ಅನ್ನ ಹಾಕಿಸಿಕೊಂಡರು. ಮಾರುವುದು ಬೇಡ ಅಂತ ಹೇಳಲು ಬಾಯಿರಲಿಲ್ಲವೇ ಈ ಮನುಷ್ಯನಿಗೆ? ನನ್ನ ಮಂಡಿ ನೋಡಿ ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೇ. ಸಿಟ್ಟೂ ಬಂತು, ಕರುಳೂ ಚುರ್ರೆಂದಿತು.

"ಉಳಿದದ್ದನ್ನೂ ಲ್ಯಾಮಿನೇಟ್ ಮಾಡಿಸಿ ತರಲಾ?" ಅಂದೆ.

"ಅಯ್ಯೋ, ಮಾಡಿಸುವುದು ಬೇಡ!" ಹಾರಿಬಿದ್ದರು. ಆಮೇಲೆ ಮಜ್ಜಿಗೆ ಅನ್ನ ಕಲಸುತ್ತ ಮೆಲ್ಲಗೆ, "ಮಾಡಿಸಿ ಆಯ್ತು ಅಂತ ಫೋನಲ್ಲಿ ಹೇಳಿದ್ರೆ ಸಾಕಲ್ವಾ?"

ಆ ಸುಳ್ಳು ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಸಂಗ್ರಾಹಕರಿಗೆ ಫೋನ್ ಹಚ್ಚಿ, ಹನ್ನೊಂದೂ ಮಾಡಿಸಿ ಆಯಿತು ಅಂದೆ. ಆ ಕಡೆಯಿಂದ ಇನ್ನೊಮ್ಮೆ "ಅರೇ ದೇವಾ!" ಕೇಳಿಸಿತು. ಫೋನಿಟ್ಟು, ಕಪಾಟಿನ ಮೇಲಿನ ಆ ಎರಡು ಅರೆ ಒರೆಸುವ ಬಟ್ಟೆ ಹುಡುಕಲು ಎದ್ದೆ.